ಬೇರೆ ಬೇರೆ ಕಂಪನಿಯ ಸ್ವಿಚ್‌ಗಳು, ಒಂದೇ ಮರ

ಈಥರ್ನೆಟ್ ಫ್ರೇಮಿಗೆ ಆಯಸ್ಸಿಲ್ಲ. ಐಪಿ ಪ್ಯಾಕೆಟ್ಟಾದರೆ ಒಂದೊಂದು ರೂಟರ್ ದಾಟಿದಾಗಲೂ ಅದರ ಎಣಿಕೆಯಲ್ಲಿ ಒಂದು ಕಡಿಮೆಯಾಗುತ್ತದೆ. ಸೊನ್ನೆ ಮುಟ್ಟಿದರೆ ರೂಟರ್ ಅದನ್ನು ಬಿಸಾಡುತ್ತದೆ. ಫ್ರೇಮಿಗೆ ಅಂಥ ಏರ್ಪಾಡೇ ಇಲ್ಲ. ಕೇಬಲ್‌ಗಳು ಎಲ್ಲಿಯಾದರೂ ಸುತ್ತು (ಲೂಪ್) ಕಟ್ಟಿಕೊಂಡವೋ, ಎಲ್ಲರಿಗೂ ಎಂದು ಹೊರಟ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಸುತ್ತುತ್ತ, ಮರಿ ಹಾಕುತ್ತ, ಕ್ಷಣದಲ್ಲಿ ಇಡೀ ಜಾಲವನ್ನು ಮಲಗಿಸುತ್ತದೆ. ಹಾಗೆಂದು ಒಂದೇ ದಾರಿ ಇಟ್ಟುಕೊಂಡರೆ, ಆ ಕೇಬಲ್ ಕಡಿದ ದಿನ ಎಲ್ಲವೂ ನಿಂತಿತು.

1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಇದಕ್ಕೆ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ರೂಪಿಸಿದರು. ಸ್ವಿಚ್‌ಗಳು ತಮ್ಮಲ್ಲೇ ಒಂದನ್ನು ರೂಟ್ ಎಂದು ಆರಿಸಿ, ಅಲ್ಲಿಗೆ ಅಗ್ಗದ ದಾರಿಯನ್ನಷ್ಟೇ ತೆರೆದಿಟ್ಟು, ಉಳಿದವನ್ನು ಮುಚ್ಚುತ್ತವೆ. ಇದಕ್ಕಾಗಿ ಎರಡು ಸೆಕೆಂಡಿಗೊಮ್ಮೆ ಬಿಪಿಡಿಯು ಎಂಬ ಚಿಕ್ಕ ಸಂದೇಶ ಓಡಾಡುತ್ತದೆ. 1990ರಲ್ಲಿ ಇದು ಐಇಇಇ 802.1ಡಿ ಮಾನಕವಾಯಿತು.

ಮಾನಕ ಒಂದೇ ಆದರೂ ಕಂಪನಿಗಳ ಮೊದಲ ಸೆಟ್ಟಿಂಗ್ ಒಂದೇ ಅಲ್ಲ. ತೊಂದರೆ ಹುಟ್ಟುವುದೇ ಇಲ್ಲಿ. ಸಿಸ್ಕೊದ ಪಿವಿಎಸ್‌ಟಿ+ ವಿಧಾನ ಪ್ರತಿ ವಿಲ್ಯಾನ್‌ಗೂ, ಅಂದರೆ ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿಟ್ಟ ಪ್ರತಿ ಉಪಜಾಲಕ್ಕೂ, ಬೇರೆ ಮರ (ಟ್ರೀ) ಕಟ್ಟುತ್ತದೆ. ಅದರ ಸಂದೇಶ ಹೋಗುವುದು ಸಿಸ್ಕೊದ್ದೇ ಬೇರೊಂದು ವಿಳಾಸಕ್ಕೆ. ವಿಲ್ಯಾನ್ 1ರ ಪರವಾಗಿ ಮಾತ್ರ ಮಾನಕದ ಬಿಪಿಡಿಯು ಕೂಡ ಹೊರಡುತ್ತದೆ. 802.1ಡಿ ಮಾತ್ರ ಬಲ್ಲ ಸ್ವಿಚ್ ಇದೊಂದನ್ನೇ ಓದಿ, ಮಿಕ್ಕವನ್ನು ಮಾಮೂಲಿ ಫ್ರೇಮ್‌ಗಳೆಂದು ಮುಂದೆ ಸಾಗಿಸಿಬಿಡುತ್ತದೆ. ಅದು ಒಂದು ಪೋರ್ಟ್ ಮುಚ್ಚಿದರೆ ಎಲ್ಲ ವಿಲ್ಯಾನ್‌ಗಳಿಗೂ ಮುಚ್ಚಿದಂತೆ. ವಿಲ್ಯಾನ್ 10 ಈ ಕಡೆ, 20 ಆ ಕಡೆ ಎಂದು ಹಂಚಿಟ್ಟ ಹೊರೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ದಾರಿಯ ಬೆಲೆಯಲ್ಲೂ ಎರಡು ಅಳತೆಗಳಿವೆ. ಹಳೆಯ ಅಳತೆಯಲ್ಲಿ 1 ಗಿಗಾಬಿಟ್ ಕೊಂಡಿಗೆ 4, ಹೊಸದರಲ್ಲಿ 20,000. ಹೊಸದರಲ್ಲಿ 10 ಗಿಗಾಬಿಟ್‌ಗೂ 2,000 ಆಗುತ್ತದೆ. ಕೊನೆಯ ಮಹಡಿಯ ಸ್ವಿಚ್ಚಿಗೆ ರೂಟ್ ತಲುಪಲು ಎರಡು ದಾರಿಗಳಿವೆ ಎನ್ನಿ. ಹೊಸ ಅಳತೆಯ ಸ್ವಿಚ್ 10 ಗಿಗಾಬಿಟ್ ಕೊಂಡಿಯಿಂದ ರೂಟಿಗೆ ಸೇರಿ 2,000 ಎನ್ನುತ್ತದೆ; ಹಳೆಯ ಅಳತೆಯದು 1 ಗಿಗಾಬಿಟ್ ಕೊಂಡಿಯಿಂದ ಸೇರಿ 4 ಎನ್ನುತ್ತದೆ. ಮಹಡಿಯದು ಎರಡಕ್ಕೂ ತನ್ನ 20,000 ಕೂಡಿಸಿ, 22,000ವನ್ನು ಬಿಟ್ಟು 20,004ನ್ನು ಹಿಡಿಯುತ್ತದೆ. ಹತ್ತರಷ್ಟು ವೇಗದ ಕೊಂಡಿ ಖಾಲಿ ಬಿದ್ದಿರುತ್ತದೆ, ಎಚ್ಚರಿಕೆಯ ದೀಪವೂ ಉರಿಯುವುದಿಲ್ಲ. ಲೂಪ್‌ಗಿಂತ ನನಗೆ ಇದರ ಭಯವೇ ಹೆಚ್ಚು: ಲೂಪ್ ಆದರೆ ಫೋನ್ ಮೇಲೆ ಫೋನ್ ಬರುತ್ತದೆ, ಇದಕ್ಕೆ ಯಾರೂ ದೂರು ಕೊಡುವುದಿಲ್ಲ.

ಬೆರಕೆ ಜಾಲಕ್ಕೆ, ವಿಲ್ಯಾನ್‌ಗಳನ್ನು ಗುಂಪು ಮಾಡಿ ಗುಂಪಿಗೊಂದು ಮರ ಕಟ್ಟುವ ಎಂಎಸ್‌ಟಿಪಿ ಮಾನಕ ಒಳ್ಳೆಯ ಸಾಮಾನ್ಯ ಭಾಷೆ. ಷರತ್ತು ಮಾತ್ರ ಬಿಗಿ: ಸ್ವಿಚ್‌ಗಳು ಒಂದೇ ವಲಯಕ್ಕೆ ಸೇರಬೇಕಾದರೆ ವಲಯದ ಹೆಸರು ಅಕ್ಷರಶಃ ಒಂದೇ ಇರಬೇಕು, ಆವೃತ್ತಿ ಸಂಖ್ಯೆಯೂ ವಿಲ್ಯಾನ್ ಹಂಚಿಕೆಯೂ ತಾಳೆಯಾಗಬೇಕು. ಯಾವುದೊಂದು ತಪ್ಪಿದರೂ ಆ ಸ್ವಿಚ್ ಬೇರೆ ವಲಯವಾಗಿ ಉಳಿಯುತ್ತದೆ.

ರೂಟ್ ಆಯ್ಕೆಯನ್ನಂತೂ ಸ್ವಿಚ್‌ಗಳ ಪಾಲಿಗೆ ಬಿಡಲೇಬಾರದು. ಆದ್ಯತೆಯ ಸಂಖ್ಯೆ ಎಲ್ಲದರಲ್ಲೂ ಸಾಮಾನ್ಯವಾಗಿ 32768. ಸಮಬಲವಾದಾಗ ಚಿಕ್ಕ ಮ್ಯಾಕ್ ವಿಳಾಸವೇ ಗೆಲ್ಲುತ್ತದೆ. ಅದು ಎಷ್ಟೋ ಸಲ ಮೂಲೆಯಲ್ಲಿ ಧೂಳು ಹಿಡಿದ ಅತಿ ಹಳೆಯ ಪೆಟ್ಟಿಗೆಯದು. ಜಾಲದ ನಡುವಿನ ಗಟ್ಟಿ ಸ್ವಿಚ್ಚಿಗೆ 4096, ಅದರ ಜೊತೆಗಾರನಿಗೆ 8192 ಎಂದು ಕೈಯಾರೆ ಬರೆಯಿರಿ. ಎಲ್ಲದರಲ್ಲೂ ಬೆಲೆಯ ಅಳತೆಯನ್ನು ಹೊಸದಕ್ಕೆ ಬದಲಿಸಿ. ಆಮೇಲೆ ಒಂದೊಂದು ಸ್ವಿಚ್ಚಿಗೂ ಲಾಗಿನ್ ಆಗಿ, ರೂಟ್ ಯಾರು ಎಂದು ಅದು ಹೇಳುತ್ತಿದೆ, ನೋಡಿ.