ಪ್ರತಿಗಳ ಹೋಲಿಕೆಯಲ್ಲಿ ಗಣಕದ ನೆರವು: ‘ಗಣಿತಸಾರಸಂಗ್ರಹ’ದ ನಿದರ್ಶನ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು ಹಲವು ಪ್ರತಿಗಳ ಆಧಾರದಿಂದ ಪರಿಷ್ಕರಿಸಿ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಆ ಪ್ರತಿಗಳಲ್ಲಿ ವಲ್ಲಭನ ಕನ್ನಡ ಟೀಕೆಯಿಂದ ಕೂಡಿದ ಒಂದು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಸೇರಿದುದು. 1891ರಲ್ಲಿ ಸ್ಥಾಪಿತವಾದ ಆ ಪುಸ್ತಕಾಲಯವೇ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ. ಇಂತಹ ಶಾಸ್ತ್ರಗ್ರಂಥದ ಪ್ರತಿಗಳನ್ನು ಅಕ್ಷರಶಃ ಹೋಲಿಸುವಲ್ಲಿ ಗಣಕಯಂತ್ರದಿಂದ ಎಷ್ಟು ಸಹಾಯ ದೊರೆಯಬಲ್ಲುದು, ಎಲ್ಲಿ ಅದರ ಸಹಾಯ ನಿಲ್ಲುತ್ತದೆ ಎಂಬುದು ವಿಚಾರಣೀಯ.

ಆದೇಶವನ್ನು ಬೆರಳಚ್ಚಿಸಿ ನಡೆಸುವ ‘ಡಿಫ್’ ಎಂಬ ಉಪಕರಣವು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡು, 1974ರ ಯುನಿಕ್ಸ್ ವ್ಯವಸ್ಥೆಯೊಡನೆ ಬಳಕೆಗೆ ಬಂದಿತು. ‘ಡಿಫ್’ ಎಂದು ಬರೆದು ಮುಂದೆ ಎರಡು ಕಡತಗಳ ಹೆಸರನ್ನು ಕೊಟ್ಟರೆ, ಅದು ಎರಡಕ್ಕೂ ಸಮಾನವಾದ ಸಾಲುಗಳ ಅತಿ ದೀರ್ಘವಾದ ಅನುಕ್ರಮವನ್ನು ಕಂಡುಕೊಂಡು, ಉಳಿದ ಸಾಲುಗಳನ್ನು ಮಾತ್ರ ಭೇದವೆಂದು ತೋರಿಸುತ್ತದೆ. ಭೇದವಿಲ್ಲದಿದ್ದರೆ ಮೌನವಾಗಿರುತ್ತದೆ.

ಇದಕ್ಕೆ ಪೂರ್ವಸಿದ್ಧತೆ ಅಗತ್ಯ. ಒಂದು ಶ್ಲೋಕಕ್ಕೆ ಒಂದೇ ಸಾಲು ಇರಬೇಕು. ಶ್ಲೋಕಸಂಖ್ಯೆಯನ್ನು ಆ ಸಾಲಿನಲ್ಲಿ ಸೇರಿಸಕೂಡದು. ಒಂದು ಪ್ರತಿಯಲ್ಲಿ ಒಂದು ಶ್ಲೋಕ ಲುಪ್ತವಾಗಿದ್ದರೆ ಮುಂದಿನ ಸಂಖ್ಯೆಗಳೆಲ್ಲ ಪಲ್ಲಟವಾಗಿ ಸಾಲುಗಳೆಲ್ಲ ಭಿನ್ನವೆಂದು ತೋರುತ್ತವೆ. ‘ಕೊ’ ಎಂಬ ಅಕ್ಷರದ ಒತ್ವವನ್ನು ಯಂತ್ರದಲ್ಲಿ ಒಂದೇ ಚಿಹ್ನೆಯಾಗಿಯೂ, ಎರಡು ಚಿಹ್ನೆಗಳ ಜೋಡಣೆಯಾಗಿಯೂ ದಾಖಲಿಸಬಹುದು. ಕಣ್ಣಿಗೆ ಒಂದೇ ಆದರೂ ಉಪಕರಣಕ್ಕೆ ಇವು ಬೇರೆ. ಆದುದರಿಂದ ಮೊದಲು ಏಕರೂಪಗೊಳಿಸಬೇಕು. ‘ಧರ್ಮ್ಮ–ಧರ್ಮ’ದಂತಹ ಲೇಖನಭೇದಗಳನ್ನು ಬದಿಗಿರಿಸುವುದಾದರೆ, ಅದಕ್ಕೆ ಬೇರೊಂದು ಕಡತವನ್ನೇ ಮಾಡಿಕೊಂಡು ಮೂಲ ಲಿಪ್ಯಂತರವನ್ನು ಹಾಗೆಯೇ ಉಳಿಸತಕ್ಕದ್ದು.

ವಿಜ್ಞಾನಿಗಳು ಪ್ರಯೋಗದ ಅಂಕಿಗಳ ಕಡತಗಳನ್ನು ಹೋಲಿಸುವಾಗ ಅತ್ಯಲ್ಪ ಅಂತರವನ್ನು ಉಪೇಕ್ಷಿಸಲು ಒಂದು ಮಿತಿಯನ್ನು ವಿಧಿಸುವುದುಂಟು. ಗಣಿತಶ್ಲೋಕದ ಸಂಖ್ಯೆಗಳಲ್ಲಿ ಅಂತಹ ಸಡಿಲಿಕೆಗೆ ಎಡೆಯಿಲ್ಲ. ‘ಅಗ್ನಿ’ ಎಂದರೆ 3, ‘ಅಬ್ಧಿ’ ಎಂದರೆ 4. ಒಂದು ಸಂಯುಕ್ತಾಕ್ಷರ ಬದಲಾದರೆ ಲೆಕ್ಕವೇ ಬದಲಾಗುತ್ತದೆ. ಮಹಾವೀರಾಚಾರ್ಯರಲ್ಲಿ ‘ರತ್ನ’ವು ರತ್ನತ್ರಯದಿಂದ 3, ‘ತತ್ತ್ವ’ವು ಸಪ್ತತತ್ತ್ವಗಳಿಂದ 7. ನವರತ್ನಗಳನ್ನಾಗಲಿ ಸಾಂಖ್ಯರ 25 ತತ್ತ್ವಗಳನ್ನಾಗಲಿ ನೆನೆದು ಓದುವವನಿಗೆ ಅರ್ಥ ತಪ್ಪುತ್ತದೆ. ಈ ವಿವೇಕ ಯಂತ್ರಕ್ಕಿಲ್ಲ.

ಇದಕ್ಕಿಂತ ಗುರುತರವಾದ ಅಪಾಯವೊಂದುಂಟು. ಎರಡು ಪ್ರತಿಗಳೂ ಒಂದೇ ದೋಷಯುಕ್ತ ಮಾತೃಕೆಯಿಂದ ಇಳಿದು ಬಂದಿದ್ದರೆ ದೋಷವು ಎರಡರಲ್ಲಿಯೂ ಸಮಾನ, ಉಪಕರಣ ಮೌನ. ಆ ಮೌನವನ್ನು ಪಾಠಶುದ್ಧಿಯೆಂದು ಗ್ರಹಿಸಲಾಗದು. ಇಲ್ಲಿ ಗಣಿತವೇ ಪ್ರಮಾಣ. ಆಚಾರ್ಯರು ಗುಣಾಕಾರದ ಉದಾಹರಣೆಗಳಲ್ಲಿ ಹಾರದಂತೆ ಎರಡು ಕಡೆಯಿಂದಲೂ ಸಮನಾಗಿ ಓದಬಹುದಾದ ಗುಣಲಬ್ಧಗಳನ್ನು ಇಟ್ಟಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. ಪ್ರತಿಗಳೆಲ್ಲವೂ 149 ಎಂಬ ಪಾಠವನ್ನೇ ಕೊಟ್ಟರೂ, ಗುಣಲಬ್ಧವು 16241 ಆಗಿ ಹಾರವು ಹರಿಯುತ್ತದೆ, ದೋಷ ಬಯಲಾಗುತ್ತದೆ.

ಹೀಗೆ ಭೇದವೆಲ್ಲಿದೆಯೆಂದು ತೋರಿಸುವುದು ಯಂತ್ರದ ಕೆಲಸ. ಯಾವ ಪಾಠ ಗ್ರಾಹ್ಯವೆಂಬ ನಿರ್ಣಯವೂ, ಭೇದವಿಲ್ಲದೆಡೆಯ ಸಂಶಯವೂ ಶಾಸ್ತ್ರಜ್ಞನಾದ ಸಂಪಾದಕನ ಹೊಣೆ.