ಇಪ್ಪತ್ತೆರಡು ಎಲೆಕ್ಟ್ರೋಡ್‌ಗಳ ಕಿವಿ

ಕಾರು ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ರಾಡ್ ಸಾಂಡರ್ಸ್ ಅವರ ಎರಡೂ ಕಿವಿ ಹೋಗಿದ್ದವು. 1978ರ ಆಗಸ್ಟ್ 1ರಂದು ಮೆಲ್ಬರ್ನ್‌ನಲ್ಲಿ ಪ್ರೊ. ಗ್ರೇಮ್ ಕ್ಲಾರ್ಕ್ ಅವರ ತಂಡ ಸಾಂಡರ್ಸ್ ಅವರ ಒಳಗಿವಿಗೆ ಎಲೆಕ್ಟ್ರೋಡ್‌ಗಳ ಎಳೆಯೊಂದನ್ನು ಕೂರಿಸಿತು. ಮುಂದೆ ಪರೀಕ್ಷೆಯ ವೇಳೆ ಯಂತ್ರದ ಮೂಲಕ ರಾಷ್ಟ್ರಗೀತೆಯ ಧಾಟಿ ಕೇಳಿಸಿದಾಗ ಸಾಂಡರ್ಸ್ ಕುರ್ಚಿಯಿಂದ ಎದ್ದು ನೆಟ್ಟಗೆ ನಿಂತುಬಿಟ್ಟರು!

2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿ ಮನುಷ್ಯನ ಮಿದುಳಿಗೆ 1,024 ಎಲೆಕ್ಟ್ರೋಡ್‌ಗಳ ಚಿಪ್ ಅಳವಡಿಸಿದ್ದು ದೊಡ್ಡ ಸುದ್ದಿಯಾಯಿತು. ಆದರೆ ನರಕ್ಕೂ ಯಂತ್ರಕ್ಕೂ ನಂಟು ಬೆಸೆಯುವ ಸಾಧನಗಳಲ್ಲಿ ಚೆನ್ನಾಗಿ ಪಳಗಿದ್ದು ಸಾಂಡರ್ಸ್ ಅವರಿಗೆ ಕೂರಿಸಿದಂಥ ಕಾಕ್ಲಿಯರ್ ಇಂಪ್ಲಾಂಟ್. ಜಗತ್ತಿನಲ್ಲಿ ಈವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಇಂಪ್ಲಾಂಟ್‌ಗಳು ಕಿವಿ ಸೇರಿವೆ.

ಮಾಮೂಲಿ ಶ್ರವಣಯಂತ್ರ ಸದ್ದನ್ನು ಹಿಗ್ಗಿಸುತ್ತದೆ, ಅಷ್ಟೆ. ಸದ್ದನ್ನು ನರಸಂಕೇತವಾಗಿಸುವ ಕೂದಲುಕೋಶಗಳೇ ಸತ್ತಿದ್ದರೆ ಎಷ್ಟು ಹಿಗ್ಗಿಸಿದರೂ ಫಲವಿಲ್ಲ. ಇಂಪ್ಲಾಂಟ್ ಆ ಕೋಶಗಳನ್ನು ಬಳಸಿಕೊಳ್ಳುವುದೇ ಇಲ್ಲ. ಕಿವಿಯ ಹಿಂದಿನ ಪ್ರೊಸೆಸರ್ ಸದ್ದನ್ನು ಹಲವು ಕಂಪನಾಂಕಗಳಾಗಿ ಬಿಡಿಸುತ್ತದೆ; ಅಯಸ್ಕಾಂತದಿಂದ ತಲೆಗೆ ಅಂಟಿಕೊಂಡ ಕಾಯಿಲ್ ಅದನ್ನು ಚರ್ಮದಾಚೆಗೆ ರೇಡಿಯೊ ಅಲೆಯಲ್ಲಿ ದಾಟಿಸುತ್ತದೆ; ಎಲೆಕ್ಟ್ರೋಡ್‌ಗಳು ಶ್ರವಣ ನರವನ್ನು ನೇರವಾಗಿ ಮೀಟುತ್ತವೆ. ಒಳಗಿವಿಯ ಸುರುಳಿಯಾಕಾರದ ಕಾಕ್ಲಿಯಾದ ಬುಡದಲ್ಲಿ ಮೀಟಿದರೆ ತಾರ, ಒಳತುದಿಯತ್ತ ಸಾಗಿದಂತೆ ಮಂದ್ರ.

ಆ ಸುರುಳಿಯೊಳಗೆ ಎಳೆಯನ್ನು ತೂರಿಸುವುದು ಹೇಗೆ? 1977ರಲ್ಲಿ ಮಿನ್ನಮರ್ರಾ ಕಡಲತೀರದಲ್ಲಿ ಕ್ಲಾರ್ಕ್ ಒಂದು ಶಂಖದ ಚಿಪ್ಪಿಗೆ ಹುಲ್ಲಿನ ಗರಿಗಳನ್ನು ತೂರಿಸಿ ನೋಡುತ್ತಿದ್ದರು. ತುದಿ ಮೆತ್ತಗಿದ್ದು ಬುಡ ಗಟ್ಟಿಯಾಗಿದ್ದ ಗರಿ ಸಲೀಸಾಗಿ ಒಳಸರಿಯಿತು. ಎಲೆಕ್ಟ್ರೋಡ್ ಎಳೆಯನ್ನೂ ಹಾಗೇ ಮಾಡಿದರು.

ಹುಟ್ಟಿನಿಂದ ಬರುವ ಕಾಕ್ಲಿಯಾದಲ್ಲಿ ಸುಮಾರು 15 ಸಾವಿರ ಕೂದಲುಕೋಶಗಳಿವೆ. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಇಂಪ್ಲಾಂಟೊಂದರಲ್ಲಿ ಇರುವುದು ಬರೀ 22 ಎಲೆಕ್ಟ್ರೋಡ್. ಇಷ್ಟರಲ್ಲಿ ಮಾತು ಅರ್ಥವಾಗುವುದು ಅಸಾಧ್ಯವೆಂದೇ ಅಂದಿನ ಹಲವು ತಜ್ಞರು ವಾದಿಸಿದ್ದರು. ಅವರು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಮಿದುಳನ್ನು. ಹರಕುಮುರುಕು ಸಂಕೇತವನ್ನೂ ಅದು ಜೋಡಿಸಿಕೊಂಡು ಅರ್ಥ ಮಾಡಿಕೊಳ್ಳುತ್ತದೆ.

ಸಾಂಡರ್ಸ್ ಅವರಿಗೆ ಭಾಷೆಯ ನೆನಪಿತ್ತು. ಹುಟ್ಟುಕಿವುಡಾದ ಮಗುವಿಗೆ ಅದಿಲ್ಲ. ಮಿದುಳು ಕೇಳಲು ಕಲಿಯುವ ಕಾಲವೂ ಮುಖ್ಯವಾಗಿ ಮೊದಲ ಮೂರೂವರೆ ವರ್ಷ. 1990ರಲ್ಲಿ ಅಮೆರಿಕ ಎರಡು ವರ್ಷ ದಾಟಿದ ಮಕ್ಕಳಿಗೆ ಇಂಪ್ಲಾಂಟ್ ಅನುಮತಿಸಿತು. ಈಗ ವರ್ಷ ತುಂಬುವ ಹೊತ್ತಿಗೇ ಶಸ್ತ್ರಚಿಕಿತ್ಸೆ ನಡೆಯುವುದುಂಟು.

ಆದರೆ ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳ ಮಾತು, ಕೇಳಿ ಕಲಿಯುವುದು ವರ್ಷಗಳ ಕೆಲಸ. ಸ್ವಿಚ್ ಆನ್ ಆದ ಮೇಲೆ ಆಡಿಯಾಲಜಿಸ್ಟ್‌ಗಳು ಒಂದೊಂದು ಎಲೆಕ್ಟ್ರೋಡ್‌ಗೂ ಎಷ್ಟು ವಿದ್ಯುತ್ ಬೇಕೆಂದು ಮತ್ತೆಮತ್ತೆ 'ಮ್ಯಾಪಿಂಗ್' ಮಾಡಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ತರಗತಿಗಳಲ್ಲಿ ಮಕ್ಕಳ ಜತೆ ತಾಯಂದಿರಿಗೂ ತರಬೇತಿ ಉಂಟು. ಅನ್ನ ಕಲಸುವಾಗ, ಬಟ್ಟೆ ತೊಡಿಸುವಾಗ ಆಡುವ ಮಾತೇ ಮಗುವಿಗೆ ಪಾಠ.

ಲಕ್ಷಗಟ್ಟಲೆ ಬೆಲೆಯ ಈ ಸಾಧನ ಕೇಂದ್ರದ ಅಡಿಪ್, ರಾಜ್ಯದ ಶ್ರವಣ ಸಂಜೀವಿನಿ ಯೋಜನೆಗಳಿಂದಾಗಿ ಬಡ ಮನೆಗಳಿಗೂ ತಲುಪುತ್ತಿದೆ. ಕಷ್ಟ ಎದುರಾಗುವುದು ವಾರಂಟಿ ಮುಗಿದ ಮೇಲೆ. ಕಾಯಿಲ್ ತಂತಿ ತುಂಡಾದರೆ, ಪ್ರೊಸೆಸರ್‌ಗೆ ಬೆವರಿಳಿದರೆ ರಿಪೇರಿಗೆ ಸಾವಿರಾರು ರೂಪಾಯಿ ಬೇಕು. ಅದನ್ನು ಹೊಂದಿಸುವವರೆಗೂ ಮಗುವಿಗೆ ಏನೂ ಕೇಳಿಸದು.