ಮರಗಸಿಯೂ ಮುರಿದ ಸೊಂಟವೂ

ಮಳೆಗಾಲ ಹಿಡಿಯುವ ಮುಂಚೆ ಮೂಡಿಗೆರೆ, ಕಳಸದ ತೋಟಗಳಲ್ಲಿ ಮರಗಸಿಯ ಗಡಿಬಿಡಿ. ನೆರಳು ದಟ್ಟವಾದರೆ ಕಾಫಿಗೆ ಕೊಳೆರೋಗ. ಹಾಗಾಗಿ ಸಿಲ್ವರ್ ಓಕ್, ಹಾಲುವಾಣ ಹತ್ತಿ ಕೊಂಬೆ ಸವರಲೇಬೇಕು. ಕಾಲು ಜಾರಿ ನೆಟ್ಟಗೆ ಬಿದ್ದವನ ಮೈಭಾರವೆಲ್ಲ ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಗೆ ಬಡಿಯುತ್ತದೆ. ಅದು ಅಡ್ಡಕ್ಕೂ ಉದ್ದಕ್ಕೂ ಸೀಳಿದರೆ ಬೆನ್ನು ಒಂದು ಕಡೆ, ಸೊಂಟ ಇನ್ನೊಂದು ಕಡೆ.

ಪ್ಯಾರಿಸ್ಸಿನ ವೈದ್ಯ ರುವಾ-ಕಮೀ 1985ರಲ್ಲಿ ಇಂಥ ಮುರಿತವನ್ನು ವಿವರಿಸಿದ್ದು, ಸಾಯಲೆಂದು ಎತ್ತರದಿಂದ ಹಾರಿದವರಲ್ಲಿ. ವೈದ್ಯಕೀಯ ಪುಸ್ತಕಗಳಲ್ಲಿ ಆತ್ಮಹತ್ಯೆಯ ಹೆಸರೇ ಅದಕ್ಕೆ ಅಂಟಿತು. ಹೊಟ್ಟೆಪಾಡಿಗೆ ಮರ ಹತ್ತಿದವನಿಗೆ ಅದು ಅನ್ಯಾಯವೇ ಸರಿ.

ಹಿಂದೆಲ್ಲ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. ಮೂಳೆ ಓರೆಯಾಗಿ ಕೂಡಿ ಒಂದು ಕಾಲು ಗಿಡ್ಡವಾಗುವುದು, ಬೆನ್ನಿಗೆ ಹಾಸಿಗೆ ಹುಣ್ಣಾಗುವುದು ಮಾಮೂಲಾಗಿತ್ತು. ದಾರಿ ತೋರಿಸಿದ್ದು ಬೆನ್ನುಮೂಳೆಯ ವೈದ್ಯರು. ಇದೇ ರುವಾ-ಕಮೀ 1963ರಲ್ಲೇ ಬೆನ್ನುಮೂಳೆಯ ಮಣಿಯಾದ ಕಶೇರುವಿನೊಳಕ್ಕೆ ಹಿಂದಿನಿಂದ ಸ್ಕ್ರೂ ಇಳಿಸಿದ್ದರು. 1982ರಲ್ಲಿ ಅಮೆರಿಕದ ಗ್ಯಾಲ್ವೆಸ್ಟನ್‌ನ ಆಲೆನ್, ಫರ್ಗ್ಯೂಸನ್ ಸೊಟ್ಟಬೆನ್ನು ನೆಟ್ಟಗಾಗಿಸಲು ಸರಳಿನ ತುದಿ ಬಗ್ಗಿಸಿ ಸೊಂಟದ ಮೂಳೆಯೊಳಗೆ ತೂರಿಸಿದರು. ಮುರಿತಕ್ಕೂ ಇದೇ ಜಾಡು ಹಿಡಿದು 1998ರಲ್ಲಿ ಶಿಲ್ಡ್‌ಹೌವರ್ ಮತ್ತು ಸಂಗಡಿಗರು ತ್ರಿಕೋನದ ಕಟ್ಟನ್ನು ಪ್ರಕಟಿಸಿದರು: ಸೊಂಟದ ಮೇಲಿನ ಕಶೇರುವಿನಿಂದ ಸೊಂಟದ ಮೂಳೆಗೆ ಸರಳು, ತ್ರಿಕಾಸ್ಥಿಗೆ ಅಡ್ಡಲಾಗಿ ಸ್ಕ್ರೂ. ಮೈಭಾರ ಒಡೆದ ಜಾಗವನ್ನು ತಪ್ಪಿಸಿಕೊಂಡು ಕಾಲಿಗಿಳಿಯುತ್ತದೆ. ಅಡ್ಡ ಸ್ಕ್ರೂ ಕೆಲವೇ ಮಿಲಿಮೀಟರ್ ತಪ್ಪಿದರೂ ಪಾದ ಎತ್ತುವ ನರಕ್ಕೆ ಕುತ್ತು. ಅದಕ್ಕೇ ಎಕ್ಸ್-ರೇ ತೆರೆಯ ಮೇಲಿಂದ ಕಣ್ಣು ಕೀಳುವಂತಿಲ್ಲ. ತ್ರಿಕಾಸ್ಥಿಯ ನಡುಗಾಲುವೆಯ ನರಗಳು ಮೊದಲೇ ಜಜ್ಜಿಹೋಗಿದ್ದರೆ ಮೂತ್ರದ ಹಿಡಿತ ಮರಳುತ್ತದೆಂದು ಯಾವ ಸ್ಕ್ರೂವೂ ಭರವಸೆ ಕೊಡದು.

ನನ್ನ ಮಟ್ಟಿಗೆ, ಮಲೆನಾಡಿನಲ್ಲಿ ಅರ್ಧ ಚಿಕಿತ್ಸೆ ಮರದ ಬುಡದಲ್ಲೇ ಆಗಬೇಕು. ಮುರಿದ ಸೊಂಟದೊಳಗೆ ಹೊರಗೆ ಹನಿಯೂ ಕಾಣದಂತೆ ಲೀಟರುಗಟ್ಟಲೆ ರಕ್ತ ಸೋರಬಹುದು. ಮೂಡಿಗೆರೆಯವರು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ, ಕಳಸದವರು ಕುದುರೆಮುಖ, ಕಾರ್ಕಳದ ಮೇಲೆ ಮಣಿಪಾಲಕ್ಕೆ ಹೋಗುವಷ್ಟರಲ್ಲಿ ತಿರುವುಗಳಿಗೆ ಲೆಕ್ಕವಿಲ್ಲ. ಬಿದ್ದವನನ್ನು ಎತ್ತಿ ಜೀಪಿನಲ್ಲಿ ಕೂರಿಸುವುದೇ ದೊಡ್ಡ ತಪ್ಪು. ಹಲಗೆಯ ಮೇಲೆ ಅಲುಗದಂತೆ ಮಲಗಿಸಿ, ಬೆಡ್‌ಶೀಟ್ ಮಡಚಿ ಬಿಗಿಯಾಗಿ ಸುತ್ತಬೇಕು. ಪಂಚೆ ಕಟ್ಟುವ ಜಾಗದಲ್ಲಲ್ಲ, ಅದಕ್ಕಿಂತ ಕೆಳಗೆ, ತೊಡೆಮೂಳೆಯ ಗಂಟು ಕೈಗೆ ಸಿಗುವಲ್ಲಿ. 2008ರಿಂದ 108 ಆಂಬುಲೆನ್ಸ್ ಇದೆ. ಅದು ಬರುವ ತನಕ ಕೈಗೆ ಸಿಗುವ ಔಷಧಿ ಈ ಬಟ್ಟೆಯೇ.

ಗೆದ್ದು ಬಂದವರಿಗೂ ಒಂದು ತಾಪತ್ರಯ ಉಳಿಯುತ್ತದೆ. ಸಣಕಲು ಮೈಯವರಿಗೆ ಸ್ಕ್ರೂವಿನ ತಲೆ ಚರ್ಮದಡಿ ಒತ್ತಿ ಅಂಗಾತ ಮಲಗಲು ಆಗುವುದಿಲ್ಲ. ಮೂಳೆ ಕೂಡಿದ ಮೇಲೆ ತೆಗೆಸಬಹುದು. ಅದಕ್ಕೆ ಮತ್ತೆ ಘಾಟಿ ಇಳಿಯಬೇಕು, ಅಷ್ಟು ದಿನದ ಕೂಲಿ ಬಿಡಬೇಕು.